ಹನ್ನೆರಡನೆಯ ಬಾಗಿಲು

ಪೋಲೆಂಡ್ ದೇಶದಲ್ಲಿ ಕ್ರಿಸ್ಮಸ್ಸಿನ ಹಿಂದಿನ ಸಂಜೆ ಆಕಾಶದಲ್ಲಿ ಮೊದಲ ಚುಕ್ಕಿ ಮೂಡುವವರೆಗೆ ಯಾರೂ ಊಟಕ್ಕೆ ಕೂಡುವುದಿಲ್ಲ. ಕೂಡುವಾಗ ಮನೆಮಂದಿಗಿಂತ ಒಂದು ತಾಟು ಹೆಚ್ಚಿಗೆ ಇಟ್ಟಿರುತ್ತಾರೆ, ಹೇಳದೆ ಕೇಳದೆ ಯಾರಾದರೂ ಬಂದರೆ ಅವರಿಗಿರಲಿ ಎಂದು.

೧೯೮೮ರ ಡಿಸೆಂಬರಿನಲ್ಲಿ ನಮ್ಮ ವಾರಪತ್ರಿಕೆಗಾಗಿ ನಾನು ಬರೆದ ಮೊದಲ ಸಾಲುಗಳು ಇವು. ಬರೆದೆ ಅನ್ನುವುದು ತಪ್ಪಾದೀತು. ಗ್ರಂಥಾಲಯದ ಹಳೆಯ ಇಂಗ್ಲಿಷ್ ಪುಸ್ತಕವೊಂದರಿಂದ ಕನ್ನಡಕ್ಕೆ ಇಳಿಸಿಕೊಂಡಿದ್ದೆ, ಅಷ್ಟೆ. ಆಗ ನನ್ನ ಬಿ.ಎ. ಮುಗಿದು ಎರಡು ವರ್ಷವಾಗಿತ್ತು. ಶಹಾಬಜಾರದ ನಮ್ಮ ಮನೆಯಿಂದ ಮೂರು ಓಣಿ ದಾಟಿದರೆ ದೇವೀಂದ್ರಪ್ಪನವರ ಪ್ರೆಸ್ಸು. ಎಂಟು ಪುಟದ ಪತ್ರಿಕೆ ಅಲ್ಲಿಂದ ಹೊರಡುತ್ತಿತ್ತು. ನನ್ನ ಕೆಲಸ ಪ್ರೂಫ್ ತಿದ್ದುವುದು. ಯಾರೊಂದಿಗೂ ಮಾತಾಡಬೇಕಾಗಿಲ್ಲದ ಕೆಲಸ ಎಂದೇ ಒಪ್ಪಿಕೊಂಡಿದ್ದೆ.

“ವರ್ಷಾ ವರ್ಷಾ ಕ್ರಿಸ್ಮಸ್ಸಿಗೆ ಶುಭಾಶಯ ಅಂತ ಎರಡು ಸಾಲು ಹಾಕಿ ಕೈ ತೊಳ್ಕೋತೀವಿ,” ಎಂದಿದ್ದರು ದೇವೀಂದ್ರಪ್ಪ ಸರ್. “ಈ ಸಲ ಒಂದು ಪೂರಾ ಪುಟ ಮಾಡು ತಂಗಿ. ಯಾವ ಯಾವ ದೇಶದಾಗ ಹ್ಯಾಂಗ ಹ್ಯಾಂಗ ಮಾಡ್ತಾರ, ಮಜಾ ಮಜಾ ಸಂಗತಿ. ಮಂದಿ ಬಾಯಿ ತಕ್ಕೊಂಡು ಓದಬೇಕು ನೋಡು.”

ಮಜಾ ಸಂಗತಿಗಳಿಗೆ ಕೊರತೆಯಿರಲಿಲ್ಲ. ಹಾಲೆಂಡಿನ ಮಕ್ಕಳು ಸಂತ ನಿಕೋಲಾಸನ ಕುದುರೆಗೆಂದು ಬೂಟಿನಲ್ಲಿ ಗಜ್ಜರಿ ಇಟ್ಟು ಮಲಗುತ್ತಾರೆ. ಉಕ್ರೇನ್ ನಾಡಿನವರು ಕ್ರಿಸ್ಮಸ್ ಗಿಡಕ್ಕೆ ಜೇಡರ ಬಲೆಯಂಥ ಅಲಂಕಾರ ತೂಗುಬಿಡುತ್ತಾರೆ. ಬಡ ವಿಧವೆಯೊಬ್ಬಳ ಗಿಡದಲ್ಲಿ ಜೇಡ ನೇಯ್ದ ಬಲೆ ಬೆಳಗಾಗುವಷ್ಟರಲ್ಲಿ ಬೆಳ್ಳಿಯಾಯಿತು ಎಂಬ ಕಥೆ ಅವರಲ್ಲಿದೆ. ಇಥಿಯೋಪಿಯಾದವರ ಕ್ರಿಸ್ಮಸ್ ಬರುವುದು ಜನವರಿ ಏಳಕ್ಕೆ. ಮೆಕ್ಸಿಕೋದಲ್ಲಿ ಒಂಬತ್ತು ಸಂಜೆ ಜನ ಗುಂಪಾಗಿ ಹಾಡುತ್ತ ಮನೆಮನೆಯ ಕದ ತಟ್ಟಿ, ಇರಲು ಜಾಗ ಕೇಳುತ್ತಾರೆ. ಒಳಗಿನವರು ಇಲ್ಲ ಅನ್ನುತ್ತಾರೆ. ಕೊನೆಗೊಂದು ಮನೆ ಬಾಗಿಲು ತೆರೆಯುತ್ತದೆ.

ಪುಟದ ತಳದಲ್ಲಿ ಸ್ವಲ್ಪ ಜಾಗ ಉಳಿದಿತ್ತು. ಅಲ್ಲಿ ಬರೆದೆ: “ನಮ್ಮ ಭಾರತದಲ್ಲಿ ಕ್ರೈಸ್ತರು ಬಾಳೆಗಿಡವನ್ನೋ ಮಾವಿನ ಗಿಡವನ್ನೋ ಸಿಂಗರಿಸುತ್ತಾರೆ.” ಪುಸ್ತಕದಲ್ಲಿ ಭಾರತಕ್ಕೆ ಇದ್ದದ್ದೇ ಅಷ್ಟು.

ಹಾಳೆಗಳು ಸತ್ಯಮಿತ್ರ ಕಾಕಾನ ಕೈಗೆ ಹೋದವು. ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವರು ಅವರು. ಐವತ್ತು ದಾಟಿತ್ತು. ಕಮಲಾಪುರದವರು. ವಾರವಿಡೀ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿದ್ದು ಶನಿವಾರ ಸಂಜೆ ಊರಿಗೆ ಹೋಗುತ್ತಿದ್ದರು. ಸೀಸದ ಅಕ್ಷರಗಳನ್ನು ಖಾನೆಯಿಂದ ಒಂದೊಂದಾಗಿ ಹೆಕ್ಕಿ ಜೋಡಿಸುವಾಗ ಅವರ ತುಟಿ ಸಣ್ಣಗೆ ಅಲುಗುತ್ತಿತ್ತು. ಆ ದಿನ ಅದು ಒಮ್ಮೆ ನಿಂತಿತು.

“ಬಾಯಾರ, ಇದು ಯಾವ ಊರಾಗ ಮಾಡ್ತಾರ್ರೀ?”

“ಯಾವುದು ಕಾಕಾ?”

“ಬಾಳಿಗಿಡಕ್ಕ ಸಿಂಗಾರ.”

“ಪುಸ್ತಕದಾಗ ಇತ್ತು.”

“ಹಾಂ, ಪುಸ್ತಕದಾಗ,” ಅಂದರು ಗಂಭೀರವಾಗಿ. “ನಮ್ಮ ಮನಿ ಹಿಂದ ಹದಿನೈದು ಕೆಂಪು ಬಾಳಿ ಅವ. ಇವತ್ತಿನ ತನಕ ಒಂದಕ್ಕೂ ಯಾರೂ ಸೀರಿ ಉಡಿಸಿಲ್ಲ. ಎಲ್ಲೆರೆ ಮಾಡ್ತಿರಬೇಕು, ಇಲ್ಲ ಅನ್ನಂಗಿಲ್ಲ. ದೇಶ ದೊಡ್ಡದದ.”

ನನ್ನ ಕಿವಿ ಬಿಸಿಯಾದವು. ಕಾಕಾ ಕ್ರೈಸ್ತರೆಂಬುದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಪೋಲೆಂಡಿನವರೆಗೆ ಹೋಗಿ ಬಂದ ನನಗೆ ಆರು ಅಡಿ ಆಚೆ ಕೂತವರನ್ನು ಕೇಳಬಹುದೆಂದು ಹೊಳೆದಿರಲಿಲ್ಲ, ಅಷ್ಟೇ. ಕೇಳಬೇಕೆಂದು ಹೊಳೆದ ಮೇಲೂ ಬಾಯಿ ತೆರೆಯಲು ಅರ್ಧ ತಾಸು ಹಿಡಿಯಿತು.

“ನಿಮ್ಮ ಮನ್ಯಾಗ ಏನೇನು ಮಾಡ್ತೀರಿ ಕಾಕಾ?”

ಅವರು ಮೊಳೆಯ ಪಟ್ಟಿ ಕೆಳಗಿಟ್ಟರು. ಚರ್ಚು, ಹೊಸ ಬಟ್ಟೆ, ಕರ್ಚಿಕಾಯಿ, ಬಿದಿರಕಡ್ಡಿಗೆ ಬಣ್ಣದ ಕಾಗದ ಹಚ್ಚಿದ ಚುಕ್ಕಿ, ಇವೆಲ್ಲ ಬೇಗ ಹೇಳಿ ಮುಗಿಸಿದರು. ಅನಂತರ ನಿಧಾನವಾದರು. ಅವರ ಸೋದರತ್ತೆ ಗುಂಡಮ್ಮ ಹಾಡುವ ‘ಬಾಗಿಲ ಪದ’ ಅಂತ ಒಂದಿದೆ. ಬಸುರಿ ಮರಿಯಮ್ಮ ಮತ್ತು ಯೋಸೇಫ ಜಾಗ ಕೇಳುತ್ತ ಹನ್ನೆರಡು ಬಾಗಿಲಿಗೆ ಹೋಗುವ ಪದ. ಬಾಗಿಲಿಗೊಂದು ನುಡಿ. ಹಿಂದೆ ಹಬ್ಬದ ವಾರದಲ್ಲಿ ಢೋಲಕ್ ಹಿಡಿದು ಊರೆಲ್ಲ ಹಾಡಿಕೊಂಡು ಹೋಗುತ್ತಿದ್ದರಂತೆ. ಈಗ ಹನ್ನೆರಡೂ ನುಡಿ ಬರುವುದು ಗುಂಡಮ್ಮನಿಗೆ ಒಬ್ಬಳಿಗೇ.

“ಅತ್ತಿಗಿ ಎಂಬತ್ತು ದಾಟ್ಯಾವ. ಮೊನ್ನಿ ಸೇಡಂ ರಸ್ತೆದಾಗ ಡಾಕ್ಟರಿಗಿ ತೋರಿಸಿದೆ. ಎದಿ ದಣದದ, ಯಾವಾಗ ಏನು ಹೇಳಲಿಕ್ಕಾಗಲ್ಲ ಅಂದ್ರು. ಆಕಿ ಹೋದ್ರ ಪದಾನೂ ಹೋಯ್ತು.”

“ನೀವು ಬರಕೋಬಹುದಲ್ರೀ?”

“ನಾ ಒಂದು ಸಾಲು ಬರಿಯೂದ್ರಾಗ ಆಕಿ ಮುಂದಿನ ಓಣಿಗಿ ಹೋಗಿರ್ತಾಳ. ಮೂವತ್ತು ವರ್ಷ ಉಲ್ಟಾ ಅಕ್ಷರ ಜೋಡಿಸೀನಿ. ಪೆನ್ನು ಹಿಡದ್ರ, ಯಾವ ಕಡಿಂದ ಶುರು ಮಾಡಲಿ ಅಂತ ಕೈ ಕೇಳ್ತದ.” ಅವರು ನನ್ನ ಚೀಲದಿಂದ ಇಣುಕುತ್ತಿದ್ದ ಡೈರಿಯ ಕಡೆ ನೋಡಿದರು. “ನೀವು ದಿನಾ ಅದರಾಗ ಸರಸರ ಬರೀತೀರಲ್ಲ. ಐತವಾರ ಒಂದಿನ ಬರ್ತೀರೇನು?”

ಆಯಿ ತಕ್ಷಣ ಬೇಡ ಅನ್ನಲಿಲ್ಲ. ನನ್ನ ತಾಯಿ ಅನಸೂಯಾಬಾಯಿ ಯಾವುದಕ್ಕೂ ತಕ್ಷಣ ಬೇಡ ಅಂದವಳಲ್ಲ. ಮೊದಲು ಹತ್ತು ಪ್ರಶ್ನೆ ಕೇಳುತ್ತಾಳೆ.

“ಯಾರ ಮನಿ? ಆ ಮೊಳಿ ಜೋಡಸೂ ಸತ್ಯಮಿತ್ರನ ಮನಿಯೇನು? ಛಲೋ ಮನುಷ್ಯಾ ಇದ್ದಾನ. ಹೋಗು. ಆದ್ರ ಅಲ್ಲಿ ಬೇಯಿಸಿದ್ದೇನೂ ತಿನ್ನಬ್ಯಾಡ. ಬಾಳಿಹಣ್ಣು ತಿಂದ್ರ ನಡೀತದ.” ಒಗ್ಗರಣೆ ಅವಲಕ್ಕಿಯ ಡಬ್ಬಿ ಕಟ್ಟಿಕೊಟ್ಟಳು.

ಡಿಸೆಂಬರ್ ಹದಿನೆಂಟು, ಭಾನುವಾರ. ಬೆಳಗಿನ ಬಸ್ಸು. ರಸ್ತೆಯ ಎರಡೂ ಕಡೆ ತೊಗರಿ ಒಣಗಿ ಕೊಯ್ಲಿಗೆ ಬಂದಿತ್ತು. ಕಮಲಾಪುರ ಹತ್ತಿರವಾದಂತೆ ಕರಿಮಣ್ಣು ಹೋಗಿ ಕೆಂಪು ಮಣ್ಣು ಬಂತು. ದಾರಿಯುದ್ದಕ್ಕೂ ನಾನು ಪೋಲೆಂಡಿನ ಆ ಹೆಚ್ಚಿನ ತಾಟನ್ನೇ ನೆನೆಸುತ್ತಿದ್ದೆ. ಹೋದ ಮನೆಯಲ್ಲಿ ತಾಟು ಮುಂದಿಟ್ಟರೆ ಏನು ಮಾಡಲಿ? ಬೇಡ ಅಂದರೆ ಕಾಕಾನ ಮುಖ ಹೇಗಾದೀತು? ತಿಂದರೆ ಆಯಿಗೆ ಏನು ಹೇಳಲಿ? ಊರು ಕಾಣುವ ಹೊತ್ತಿಗೆ ನಿರ್ಧಾರ ಮಾಡಿದ್ದೆ: ಇಟ್ಟರೆ ತಿನ್ನುತ್ತೇನೆ. ಆ ನಿರ್ಧಾರ ಮಾಡಿದ್ದಕ್ಕೆ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯೂ ಅನಿಸಿತ್ತು.

ಬಾಗಿಲ ಮೇಲೆ ಬಿದಿರಕಡ್ಡಿಯ ಚುಕ್ಕಿ. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ, ಕಾಲು ಚಾಚಿ ಕೂತಿದ್ದಳು ಗುಂಡಮ್ಮ. ಒಣಗಿದ ಮೈ, ಆದರೆ ಕಣ್ಣು ಚುರುಕು.

“ಬಾರವ್ವ. ಇಷ್ಟು ಸಣ್ಣಾಕಿ ಪೇಪರಿನ್ಯಾಗ ಬರೀತಿಯೇನು? ನಿಮ್ಮ ಅಡ್ಡೆಸರೇನು?”

“ಕುಲಕರ್ಣಿ.”

ಅವಳು ಸತ್ಯಮಿತ್ರ ಕಾಕಾನ ಕಡೆ ನೋಡಿ ಬೊಚ್ಚುಬಾಯಿ ಅಗಲಿಸಿ ನಕ್ಕಳು. “ಏ ಸತ್ಯಾ, ಐದನೇ ಬಾಗಿಲದಾಕಿನ್ನೇ ಕರಕೊಂಡು ಬಂದೀಯಲ್ಲೋ!”

ಯಾಕೆ ನಕ್ಕಳೆಂದು ತಿಳಿದದ್ದು ಐದನೆಯ ನುಡಿಗೆ. ಮೊದಲ ಬಾಗಿಲು ಗೌಡರದು. ದನಿ ನಡುಗುತ್ತಿತ್ತು, ತಾಳ ಮಾತ್ರ ತಪ್ಪುತ್ತಿರಲಿಲ್ಲ:

ಕತ್ತಲಾತ ತಾಯಿ ಕಾಲು ಸೋತಾವ
ಕದವ ತೆಗಿ ಎವ್ವಾ ಕೂಸು ಬರತಾದ
ಜೋಳದ ರಾಶಿಗೆ ಜಾಗ ಕೊಟ್ಟೀರಿ
ಬಸುರಿ ಹೆಣ್ಣಿಗೆ ಬಾಗಿಲ ಮುಚ್ಚೀರಿ

ಆಮೇಲೆ ಅಂಗಡಿ ಶೆಟ್ಟರ ಬಾಗಿಲು, ಗಾಣದವರ ಬಾಗಿಲು, ಚೌಕಿಯ ಬಾಗಿಲು. ಐದನೆಯದು:

ಕುಲಕರ್ಣಿ ಮನಿ ಮುಂದ ಕೂಗಿ ನಿಂತಾರ
ದಫ್ತರ ಬಿಚ್ಚಿ ಹೆಸರ ಹುಡುಕ್ಯಾರ
ಬರದಂಥ ಹಾಳ್ಯಾಗ ನಿಮ್ಮ ಹೆಸರಿಲ್ಲ
ಹೆಸರಿಲ್ಲದವರಿಗಿ ಇಲ್ಲಿ ಜಾಗಿಲ್ಲ

ನನ್ನ ಪೆನ್ನು ನಿಂತಿತು. “ಬರಕೋ, ಬರಕೋ, ಬಿಡಬ್ಯಾಡ,” ಅಂದಳು ಗುಂಡಮ್ಮ. “ನಾ ಕಟ್ಟಿದ್ದಲ್ಲ. ನಮ್ಮವ್ವನ ಅವ್ವ ಕಟ್ಟಿದ್ದು. ಆಕಿಗಿ ಯಾವ ಕುಲಕರ್ಣಿ ಏನಂದಿದ್ನೋ ಏನೋ.”

ನಡುನಡುವೆ ಉಸಿರು ಹಿಡಿಯುತ್ತಿತ್ತು. ಕಾಕಾ ನೀರು ಕೊಡುತ್ತಿದ್ದರು, ಅವಳು ಲೋಟ ಸರಿಸಿ ಮುಂದಿನ ಬಾಗಿಲಿಗೆ ಹೋಗುತ್ತಿದ್ದಳು. ಮೆಕ್ಸಿಕೋದವರ ಪದ್ಧತಿ ಇಲ್ಲಿಗೆ ಹೇಗೆ ಬಂತು ಎಂದು ಯೋಚಿಸಿದೆ. ಬಂದಿರಲಾರದು. ಒಂದೇ ಕಥೆ ಕೇಳಿದವರು ಅಲ್ಲೂ ಇದ್ದರು, ಇಲ್ಲೂ ಇದ್ದರು. ಮುಚ್ಚಿದ ಬಾಗಿಲು ನೋಡಿದವರು ಎರಡೂ ಕಡೆ ಇದ್ದರು.

ಹನ್ನೊಂದನೆಯ ನುಡಿ ಮುಗಿಸಿ ಗುಂಡಮ್ಮ ಸುಮ್ಮನಾದಳು. ದಣಿವಾರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡು ಕಾದೆ. ಅಷ್ಟರಲ್ಲಿ ಕಾಕಾನ ಹೆಂಡತಿ ಒಳಗಿಂದ ಮೊರ ಹಿಡಿದು ಬಂದರು. ಅದರಲ್ಲಿ ಅಕ್ಕಿ, ತೊಗರಿಬೇಳೆ, ಹೊಸ ಕಾಗದದಲ್ಲಿ ಸುತ್ತಿದ ಬೆಲ್ಲ, ಒಂದು ತೆಂಗಿನಕಾಯಿ, ನಾಲ್ಕು ಕೆಂಪು ಬಾಳೆಹಣ್ಣು. ಶಿಧಾ. ಬೇರೆಯವರ ಮನೆಯಲ್ಲಿ ಬೇಯಿಸಿದ್ದನ್ನು ಉಣ್ಣದ ನಮ್ಮಂಥವರಿಗೆ ಹಬ್ಬದಲ್ಲಿ ಅಡುಗೆಯ ಬದಲು ಕೊಡುವ ಹಸಿ ಸಾಮಾನು.

“ಎಲ್ಲಾ ಹಸನ ಮಾಡೀನ್ರಿ ಬಾಯಾರ,” ಅಂದರು ಅವರು, ಮೊರವನ್ನು ನನ್ನಿಂದ ಒಂದು ಮಾರು ದೂರದಲ್ಲಿಟ್ಟು. “ನೀರು ತಾಕಿಸಿಲ್ಲ.”

ಮೊದಲು ನನಗೆ ಆದದ್ದು ಸಮಾಧಾನ. ಇದನ್ನು ಡೈರಿಯಲ್ಲೂ ಹಾಗೇ ಬರೆದಿದ್ದೇನೆ. ಇನ್ನು ಆಯಿಗೆ ಏನೂ ಹೇಳಬೇಕಾಗಿಲ್ಲ ಎಂಬ ಸಮಾಧಾನ. ಆಮೇಲೆ ಆ ಒಂದು ಮಾರು ಜಾಗ ಕಣ್ಣಿಗೆ ಬಿತ್ತು. ತಾಟು ಇಟ್ಟರೆ ತಿನ್ನುತ್ತೇನೆಂದು ದೊಡ್ಡ ಮನಸ್ಸು ಮಾಡಿಕೊಂಡು ಬಂದಿದ್ದೆ. ತಾಟು ಇಡಬಾರದೆಂದು ಈ ಮನೆಯವರಿಗೆ ನಾನು ಹುಟ್ಟುವ ಮೊದಲೇ ಗೊತ್ತಿತ್ತು.

“ಹನ್ನೆರಡನೇ ಬಾಗಿಲು?” ಎಂದೆ.

ಕಾಕಾ ತಲೆ ತಗ್ಗಿಸಿದರು. “ಇರಲಿ ಬಿಡ್ರಿ ಬಾಯಾರ. ಹನ್ನೊಂದು ಸಿಕ್ಕಾವಲ್ಲ, ಅದೇ ಬಹಳಾತು.”

“ಯಾಕ ಬಿಡಬೇಕೋ? ಕೇಳ್ಯಾಳ, ಹೇಳ್ತೀನಿ,” ಅಂದಳು ಗುಂಡಮ್ಮ. “ಹನ್ನೊಂದು ನುಡಿ ಹೊರಗ ನಿಂತು ಹಾಡೂದವ್ವ. ಹನ್ನೆರಡನೇದು ಒಳಗ. ನಾವು ಪದ ಹಾಡಕೋತ ಹೋದಾಗ ಕೆಲವ್ರು ಬಾಗಿಲದಾಗೇ ಶಿಧಾ ಕೊಡ್ತಿದ್ರು. ಅವರಿಗಿ ಹನ್ನೊಂದೇ. ಒಳಗ ಕರದು, ಅವರೂ ನಾವೂ ಕೂಡಿ ಒಂದೇ ಒಲಿದು ಉಂಡ್ರ ಹನ್ನೆರಡನೇದು. ನಮ್ಮ ನಮ್ಮ ಮಂದಿ ಉಂಡ್ರ ಅದು ಲೆಕ್ಕಕ್ಕಿಲ್ಲ, ಹೊರಗಿನವರು ಇರಬೇಕು. ಈಗ ಹದಿನೆಂಟು ವರ್ಷಾತು, ಹಾಡಿಲ್ಲ.”

“ಸುಮ್ಮ ಹೇಳಬಾರದೇನತ್ತಿ? ಬರಕೊಳ್ಳಾಕ ಅಷ್ಟು ದೂರದಿಂದ ಬಂದಾರ,” ಅಂದರು ಕಾಕಾ. ಅವರ ದನಿಯಲ್ಲಿ ಬೇಡಿಕೆ ಇತ್ತು.

“ಸುಮ್ಮ ಹೇಳಿದ್ರ ಅದು ಪದ ಅಲ್ಲೋ, ಬರೇ ಮಾತು.”

ಮೊರದಲ್ಲಿದ್ದ ಅಕ್ಕಿ ನೋಡುತ್ತ ಕೂತೆ. ನನ್ನ ಚೀಲದಲ್ಲಿ ಆಯಿಯ ಅವಲಕ್ಕಿ ಇತ್ತು. ಅದನ್ನು ತೆಗೆದರೆ ಆಗದು. ಅದು ಈ ಒಲೆಯದಲ್ಲ. ಕರೆದರೆ ಬರುವುದು ಸುಲಭ, ಕೊಟ್ಟರೆ ತಿನ್ನುವುದೂ ಸುಲಭ. ಕೇಳುವುದು ನನ್ನಿಂದ ಎಂದೂ ಆದದ್ದಲ್ಲ. ಅಂಗಡಿಯಲ್ಲಿ ತಪ್ಪು ದಾರ ಕೊಟ್ಟರೂ ಬದಲಿಸಿ ಕೊಡಿ ಎನ್ನದೆ ಮನೆಗೆ ತಂದವಳು ನಾನು.

“ನನಗ... ಊಟಕ್ಕ ಹಾಕ್ತೀರಾ?”

“ಏನಂದಿ?” ಗುಂಡಮ್ಮ ಕಿವಿಗೆ ಕೈ ಹಚ್ಚಿದಳು. “ಹುಂಜ ಕೂಗಿದ್ರೂ ನನಗ ಕೇಳಂಗಿಲ್ಲ, ನೀ ಇರುವಿ ಮಾತಾಡಿದಂಗ ಮಾತಾಡ್ತಿ. ಜೋರಾಗಿ ಅನ್ನು.”

“ನನಗ ಹಸಿವಿ ಆಗ್ಯದ! ಊಟಕ್ಕ ಹಾಕ್ರಿ!”

ಪಕ್ಕದ ಮನೆಯ ಹೆಂಗಸು ಗೋಡೆಯ ಮೇಲಿಂದ ಇಣುಕಿದರು. ಕಾಕಾನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ನಗುವಿಗೋ ಹೆದರಿಕೆಗೋ. “ಅಯ್ಯ, ರೊಟ್ಟಿ ಪುಂಡಿಪಲ್ಯ ಅಷ್ಟೇ ಅದರೀ... ಗೊತ್ತಿದ್ರ ಏನರೆ ಸಿಹಿ ಮಾಡ್ತಿದ್ದೆ...”

“ಹಾಕ ನೀ,” ಅಂದಳು ಗುಂಡಮ್ಮ.

ಒಲೆಯ ಮುಂದೆ ನಾಲ್ಕೂ ಜನ ಕೂತೆವು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮೊದಲ ತುತ್ತು ನುಂಗಿ ನೀರಿನ ಲೋಟಕ್ಕೆ ಕೈ ಚಾಚಿದೆ. ಖಾರಕ್ಕೆ ಎಂದು ಅವರು ತಿಳಿದುಕೊಂಡರು. ಖಾರವೂ ಇತ್ತು. ಎರಡನೆಯ ರೊಟ್ಟಿಯನ್ನು ಕೇಳದೆಯೇ ಹಾಕಿದರು, ತಿಂದೆ.

ಕೈ ತೊಳೆದ ಮೇಲೆ ಗುಂಡಮ್ಮ ಹನ್ನೆರಡನೆಯ ನುಡಿ ಹಾಡಿದಳು. ಢೋಲಕ್ ಇಲ್ಲ, ಎತ್ತರದ ದನಿಯಿಲ್ಲ. ಕೂಸು ಮಲಗಿದ ಮನೆಯಲ್ಲಿ ಮಾತಾಡುವಂತೆ. ನಾಲ್ಕೇ ಸಾಲು. ಸತ್ಯಮಿತ್ರ ಕಾಕಾ ಅದನ್ನು ಕಡೆಯ ಸಲ ಕೇಳಿ ಹದಿನೆಂಟು ವರ್ಷವಾಗಿತ್ತಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟರು.

“ಬರಕೊಂಡಿಯೇನು? ಹಾಂ. ಆದ್ರ ಪೇಪರಿನ್ಯಾಗ ಹಾಕಬ್ಯಾಡ. ಪೇಪರ್ ಓದವ್ರು ಇಲ್ಲಿ ಉಂಡಾರೇನು? ನಿನ್ನ ಕೈಲಿ ಯಾರರೆ ಉಂಡ್ರ ಅವರ ಮುಂದ ಹಾಡು. ಇನ್ನ ಅದು ನಿಂದೂ ಆಯ್ತು.”

ಮರಳಿ ಬರುವಾಗ ಬಸ್ ನಿಲ್ದಾಣದವರೆಗೆ ಕಾಕಾ ಜೊತೆಗೆ ಬಂದರು. “ಅತ್ತಿಯ ಈ ಹಟ ನಿಮಗ ಮೊದಲೇ ಗೊತ್ತಿತ್ತಲ್ಲ? ಅದಕ್ಕೇ ನನ್ನ ಕರಕೊಂಡು ಬಂದ್ರೇನು?” ಎಂದೆ.

“ಇಲ್ಲರೀ,” ಅಂದರು. ನಾಲ್ಕು ಹೆಜ್ಜೆ ನಡೆದರು. “ಹೌದ್ರಿ. ಆದ್ರ ಉಣ್ರಿ ಅಂತ ಕೇಳ್ಲಾಕ ನನಗ ಧೈರ್ಯ ಆಗಲಿಲ್ಲ. ಎರಡು ವರ್ಷ ನಿಮ್ಮ ಬಾಜೂಕ ಕೂತು ಬುತ್ತಿ ಬಿಚ್ಚೀನಿ, ಒಂದಿನಾನೂ ಕೇಳಿಲ್ಲ.”

ನಾನೂ ಕೇಳಿರಲಿಲ್ಲ.

ಮನೆಯಲ್ಲಿ ಆಯಿ ಶಿಧಾ ನೋಡಿ ಖುಷಿಪಟ್ಟಳು. ಬೇಳೆಯನ್ನು ಅಂಗೈಯಲ್ಲಿ ಹರಡಿ, “ಎಷ್ಟು ಹಸನ ಮಾಡ್ಯಾರ ನೋಡು,” ಅಂದಳು. ಅವಲಕ್ಕಿಯ ಡಬ್ಬಿ ತೆರೆದಳು. ಅವಲಕ್ಕಿ ಮುಟ್ಟದೆ ಹಾಗೇ ಇತ್ತು.

“ತಿಂದೆ ಆಯಿ,” ಎಂದೆ. “ಅಲ್ಲೇ. ನಾನೇ ಕೇಳಿ ಹಾಕಿಸಿಕೊಂಡೆ.”

ಅವಳು ಡಬ್ಬಿಯ ಮುಚ್ಚಳ ಮತ್ತೆ ಮುಚ್ಚಿದಳು. ಆಮೇಲೆ, “ಏನ್ ಹಾಕಿದ್ರು?”

“ರೊಟ್ಟಿ, ಪುಂಡಿಪಲ್ಯ.”

“ಖಾರಿತ್ತೇನು?”

“ಭಾಳ.”

“ಹೋಗು, ನೀರು ಕಾದಾವ. ಸ್ನಾನ ಮಾಡು.” ಸ್ನಾನ ಮಾಡಿದೆ. ಮಂಗಳವಾರ ಬೆಳಿಗ್ಗೆ ಎದ್ದಾಗ ಒಲೆಯ ಮೇಲೆ ಅದೇ ಬೇಳೆ, ಅದೇ ಬೆಲ್ಲದ ಹೂರಣ ಕುದಿಯುತ್ತಿತ್ತು. ನನ್ನ ಡಬ್ಬಿಯಲ್ಲಿ ಆರು ಹೋಳಿಗೆ ಇದ್ದವು. ದಿನಾ ಎರಡು ಚಪಾತಿ ತಿನ್ನುವವಳಿಗೆ ಆರು ಹೋಳಿಗೆ ಯಾಕೆಂದು ನಾನು ಕೇಳಲಿಲ್ಲ.

ಅಷ್ಟರಲ್ಲಿ ಪುಟ ಬದಲಾಗಿತ್ತು. ಬಾಳೆಗಿಡದ ಸಾಲು ತೆಗೆದಿದ್ದೆ. ಬೂಟು, ಗಜ್ಜರಿ, ಜೇಡರ ಬಲೆ ಮೂರನ್ನೂ ಬಿಟ್ಟು, ಇಥಿಯೋಪಿಯಾವನ್ನು ಒಂದು ಸಾಲಿಗೆ ಇಳಿಸಿ, ಪೋಲೆಂಡಿನ ತಾಟು ಮತ್ತು ಮೆಕ್ಸಿಕೋದ ಬಾಗಿಲು ಉಳಿಸಿಕೊಂಡಿದ್ದೆ. ಕೆಳಗೆ ಕಮಲಾಪುರದ ಹನ್ನೊಂದು ನುಡಿ. ಅದರ ಕೆಳಗೆ ‘ಹನ್ನೆರಡನೆಯ ಬಾಗಿಲು’ ಎಂಬ ಸಣ್ಣ ತಲೆಬರಹ, ನಾಲ್ಕು ಸಾಲಿನ ಖಾಲಿ ಜಾಗ. ಖಾಲಿ ಜಾಗವೂ ಸುಮ್ಮನೆ ಬರುವುದಿಲ್ಲ ಎಂದು ನಾನು ಅವತ್ತು ನೋಡಿದೆ. ಅಕ್ಷರ ಇಲ್ಲದ ಸೀಸದ ತುಂಡುಗಳನ್ನು ಅಷ್ಟೇ ಅಳತೆಗೆ ಜೋಡಿಸಿ ಕೂಡಿಸಬೇಕು. ಇಲ್ಲದಿದ್ದರೆ ಮೇಲಿನ ಸಾಲುಗಳೆಲ್ಲ ಕುಸಿಯುತ್ತವೆ. ಕಾಕಾ ಅವನ್ನು ಅಕ್ಷರ ಜೋಡಿಸುವಷ್ಟೇ ನಿಧಾನವಾಗಿ ಇಟ್ಟಿದ್ದರು.

ಮಧ್ಯಾಹ್ನ ದೇವೀಂದ್ರಪ್ಪ ಸರ್ ಪ್ರೂಫ್ ಹಿಡಿದು ಬಂದರು.

“ಸತ್ಯಮಿತ್ರಪ್ಪಾ, ಮೊಳಿ ಖಾಲಿ ಆದ್ವೇನು? ಮುಂದಿನ ಹಲ್ಲು ಬಿದ್ದಂಗ ಕಾಣ್ತದ. ಇಲ್ಲಿ ಟೈರ್ ಅಂಗಡಿ ಜಾಹೀರಾತು ಸರಿಯಾಗಿ ಕೂಡತದ.”

ಕಾಕಾ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. “ಅಲ್ಲಿ ಒಂದು ನುಡಿ ಅದ ಸರ್. ಅಚ್ಚು ಹಾಕೂ ಹಂಗಿಲ್ಲ. ಕೂಡಿ ಉಂಡವರಿಗಷ್ಟೇ ಹೇಳೋದು.”

“ಭೇಷ್! ಇನ್ನ ಪೇಪರ್ ಜೋಡಿ ಊಟಾನೂ ಹಾಕಬೇಕೇನು ನಾನು? ಹಾಕು ಏನದ ಅದನ್ನ, ಇಲ್ಲಂದ್ರ ಟೈರ್ ಹಾಕ್ತೀನಿ.”

ಡಬ್ಬಿ ತೆರೆದು ಅವರ ಮುಂದೆ ಸರಿಸಿದೆ. ಕಾಕಾನ ಮುಂದೆ ಒಂದು ಕಾಗದ ಹಾಸಿ ಎರಡು ಇಟ್ಟೆ, ನಾನೂ ಒಂದು ತೆಗೆದುಕೊಂಡೆ.

“ಲಂಚ ಏನಿದು?” ಅಂದರು ಸರ್. ಆದರೂ ಕೂತರು. ಅರ್ಧ ಹೋಳಿಗೆ ಬಾಯಲ್ಲಿದ್ದಾಗ, “ಬೇಳಿ ಎಲ್ಲಿಂದ ತಂದೀರಿ? ಛಲೋ ಅದ,” ಅಂದರು. “ಕಮಲಾಪುರದ್ದು,” ಎಂದೆ.

ಅವರು ಬೆರಳು ಒರೆಸಿಕೊಳ್ಳುವಷ್ಟರಲ್ಲಿ ನಾನು ಹಾಡಲು ಶುರು ಮಾಡಿಬಿಟ್ಟೆ. ತಡ ಮಾಡಿದರೆ ಆಗುವುದಿಲ್ಲವೆಂದು ಗೊತ್ತಿತ್ತು. ಕಣ್ಣು ಮುಚ್ಚಿದ್ದೆ. ಮೂರನೆಯ ಸಾಲಿಗೆ ದನಿ ಸಿಕ್ಕಿಕೊಂಡಿತು; ಕಾಕಾ ಮೆಲ್ಲಗೆ ಸೇರಿಸಿದರು, ಇಬ್ಬರೂ ಕೂಡಿ ಮುಗಿಸಿದೆವು.

ಸರ್ ಪ್ರೂಫ್ ಹಾಳೆಯನ್ನು ಒಂದು ಸಲ ಮಡಚಿದರು, ಮತ್ತೆ ಬಿಚ್ಚಿದರು. “ಇರಲಿ, ಖಾಲೀನೇ ಇರಲಿ,” ಅಂದರು. ಬಾಗಿಲವರೆಗೆ ಹೋಗಿ ತಿರುಗಿದರು. “ಮಂದಿ ಕೇಳಿದ್ರ ನಾ ಏನ್ ಹೇಳ್ಲೋ ಸತ್ಯಮಿತ್ರಪ್ಪಾ?”

“ಊಟಕ್ಕ ಕರೀರಿ,” ಅಂದರು ಕಾಕಾ.

ಪತ್ರಿಕೆ ಶುಕ್ರವಾರ ಬಂತು. ಮರುದಿನ, ಕ್ರಿಸ್ಮಸ್ಸಿನ ಹಿಂದಿನ ಸಂಜೆ, ಆಯಿ ದೇವರ ಮುಂದೆ ದೀಪ ಹಚ್ಚಿ ಬಂದು ಪಡಸಾಲೆಯಲ್ಲಿ ಕೂತು ಅದನ್ನು ಓದಿದಳು. ಬೆರಳು ಇಟ್ಟುಕೊಂಡು ಓದುವುದು ಅವಳ ರೂಢಿ. ಬೆರಳು ತಳಕ್ಕೆ ಬಂದು ಖಾಲಿ ಜಾಗದ ಮೇಲೆ ನಿಂತಿತು.

“ಇಲ್ಲೇನಿತ್ತ?”

ಹೇಳಿದೆ. ಯಾರಿಗೆ ಹಾಡುತ್ತಾರೆ, ಯಾರಿಗೆ ಇಲ್ಲ, ಗುಂಡಮ್ಮನ ಎದೆ ದಣಿದದ್ದು, ಎಲ್ಲ. ಆರು ಹೋಳಿಗೆಯಲ್ಲಿ ಅವಳು ಒಂದನ್ನೂ ತಿಂದಿರಲಿಲ್ಲವೆಂದು ನನಗೆ ಗೊತ್ತಿತ್ತು. ಅವಳಿಗೂ ಅದು ನೆನಪಾಗಿರಬೇಕು. ಬೆರಳು ಆ ಬಿಳಿಯ ಮೇಲೆ ಸ್ವಲ್ಪ ಹೊತ್ತು ಇತ್ತು.

“ಅದಿರಲಿ. ಆ ಕುಲಕರ್ಣಿ ನುಡಿ ಇನ್ನೊಮ್ಮೆ ಓದು,” ಅಂದಳು.

ಓದಿದೆ. ದಫ್ತರ ಬಿಚ್ಚಿ ಹೆಸರು ಹುಡುಕುವ ಸಾಲಿಗೆ ಬಂದಾಗ ಅವಳು ಥಟ್ಟನೆ ನಕ್ಕಳು.

“ನಿಮ್ಮಜ್ಜ ಹಂಗೇ ಇದ್ರು ನೋಡು. ಥೇಟ್ ಹಂಗೇ.”

ನಗು ನಿಂತ ಮೇಲೂ ಅವಳು ಪತ್ರಿಕೆ ಕೆಳಗಿಡಲಿಲ್ಲ. ಹೊರಗೆ ಕತ್ತಲಾಗುತ್ತಿತ್ತು.

“ಆ ಮುದುಕಿ ಎದಿ ಈಗ ಹ್ಯಾಂಗದಂತ?” ಎಂದು ಕೇಳಿದಳು.

“ಕಾಕಾ ಊರಿಗೆ ಹೋಗ್ಯಾರ. ಸೋಮವಾರ ಬರ್ತಾರ, ಕೇಳ್ತೀನಿ,” ಎಂದೆ.

“ಕೇಳು,” ಅಂದಳು ಆಯಿ. “ಮರೀಬ್ಯಾಡ.”